ಅರಿಷಿಣ ಹಚ್ಚಿದ ಲಕೋಟೆ

ನನ್ನ ವೋಟು ಒಂದು ಸಲ ಕೋರ್ಟಿನ ಕಟ್ಟೆ ಹತ್ತಿತ್ತು. ಉಳಿದ ಸಲವೆಲ್ಲ ಎಲ್ಲರಂತೆ ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಬರುವಾಗ ಕಾಯಿಪಲ್ಯ ತಗೊಂಡು ಮನೆಗೆ ಬಂದವಳು ನಾನು. ಆ ಒಂದು ಸಲದ ವೋಟು ಮಾತ್ರ ಇವತ್ತಿಗೂ ಒಡೆಯದ ಲಕೋಟೆಯೊಳಗೆ ಕೂತಿದೆ. ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ಪಕ್ಕಕ್ಕೆ ಸರಿದು ಕೇಳುತ್ತಾರೆ: "ಟೀಚರ್, ಈಗರೆ ಹೇಳ್ರಿ. ಯಾರಿಗಿ ಹಾಕಿದ್ರಿ?" ನಾನು ಎಲೆಯ ಮೇಲಿನ ಪಲ್ಯ ಚಲೋ ಆಗಿದೆ ಎನ್ನುತ್ತೇನೆ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮದುವೆಯಾಗಿ ಬಂದ ಊರು ಶಹಾಪುರದಿಂದ ಭೀಮರಾಯನಗುಡಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ಕಾಲುವೆ ದಾಟಿದರೆ ನಮ್ಮ ಓಣಿ. ಮನೆಯಲ್ಲಿ ನಾನು, ನೀರಾವರಿ ಕ್ಯಾಂಪಿನ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗಂಡ, ಮಕ್ಕಳು, ನನ್ನ ಅತ್ತೆ, ಮೈದುನ, ಅವನ ಹೆಂಡತಿ. ಮೈದುನನ ಹೆಂಡತಿ ಎಂದರೆ ನನಗೆ ನೆಗೆಣ್ಣಿ. ಗಂಡಸರು ಇಬ್ಬರಿದ್ದಾರೆ ನಿಜ, ಆದರೆ ನಮ್ಮ ಮನೆಯಲ್ಲಿ ಅವರ ದನಿ ಕೇಳಿಸುವುದು ರೊಟ್ಟಿ ಇನ್ನೊಂದು ಬೇಕು ಅನ್ನುವಾಗ ಮಾತ್ರ.

ಹಿತ್ತಲ ಗೋಡೆಯ ಆಚೆ ಆಪಾ ಮನೆ. ಆಪಾ ಎಂದರೆ ಅಕ್ಕ. ಅವರ ಮಾತಿನಲ್ಲಿ ಹಾಗೆ ಕರೆಯುತ್ತಾರೆ, ನಾವೂ ಹಾಗೆಯೇ ಕರೆಯುತ್ತೇವೆ. ಇಡೀ ಓಣಿಯ ಕುಪ್ಪಸ ಹೊಲಿಯುವುದು ಆಕೆಯೇ. ಯಾರು ದಪ್ಪಗಾದರು, ಯಾರು ಇಳಿದರು, ಯಾರಿಗೆ ದಿನ ತುಂಬುತ್ತಿದೆ ಎಂಬುದು ಡಾಕ್ಟರಿಗಿಂತ ಮೊದಲು ಆಪಾಗೆ ಗೊತ್ತು. ನಮ್ಮಿಬ್ಬರ ಮನೆಯ ನಡುವಿನ ಕಲ್ಲಿನ ಗೋಡೆಯಲ್ಲಿ ನಾನು ಮದುವೆಯಾಗಿ ಬರುವ ಮುಂಚೆಯೇ ಒಂದು ಕಲ್ಲು ಉದುರಿತ್ತು. ಅದನ್ನು ಕೂಡಿಸಬೇಕು ಎಂದು ಎರಡೂ ಮನೆಯವರು ಪ್ರತಿ ಬೇಸಿಗೆಗೆ ಮಾತಾಡುತ್ತಿದ್ದರು, ಯಾರೂ ಕೂಡಿಸಲಿಲ್ಲ. ಆ ಕಿಂಡಿಯಿಂದ ನಮ್ಮ ಪುಂಡಿಪಲ್ಯ ಆಚೆ ಹೋಗುತ್ತಿತ್ತು, ಅವರ ಖೀರು ಈಚೆ ಬರುತ್ತಿತ್ತು. ಹೊಸ ಸೊಸೆಯಾಗಿ ಬಂದ ಮೊದಲ ವರ್ಷ ನಾನು ಅತ್ತಾಗ, ಕಾರಣ ಕೇಳದೆ ಆ ಕಿಂಡಿಯಿಂದ ಒಂದು ಕೈ ಬಂದು ನನ್ನ ತಲೆ ಸವರಿತ್ತು. ಆಪಾ ಅಂದರೆ ನನಗೆ ಮೊದಲು ನೆನಪಾಗುವುದು ಆ ಕೈ.

ನೆಗೆಣ್ಣಿಯೂ ಕಡಿಮೆಯವಳಲ್ಲ. ನಾನು ಶಾಲೆಗೆ ಹೋದರೆ ನನ್ನ ಮಕ್ಕಳಿಗೆ ಉಣ್ಣಿಸಿ, ಬೈದು, ಜಡೆ ಹಾಕಿ ಬೆಳೆಸಿದವಳು ಅವಳು. ಮಕ್ಕಳು ಈಗಲೂ ಜ್ವರ ಬಂದರೆ ಮೊದಲು ಚಿಕ್ಕವ್ವ ಎಂದೇ ನರಳುತ್ತಾರೆ. ಅವಳ ಬಾಯಿ ಜೋರು, ಮನಸ್ಸು ಬೆಣ್ಣೆ. ಸ್ವಸಹಾಯ ಸಂಘದ ಮುಂದಾಳು ಅವಳೇ.

ಹೀಗಿರುವಾಗ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ನಮ್ಮ ವಾರ್ಡಿನ ಸ್ಥಾನ ಹೆಂಗಸರಿಗೆ ಮೀಸಲಾಯಿತು. ಸಂಘದವರು ನೆಗೆಣ್ಣಿಯನ್ನು ಎಬ್ಬಿಸಿ ನಿಲ್ಲಿಸಿದರು. ಮೂರನೆಯ ದಿನ ಓಣಿಯ ಆಚೆ ಬದಿಯವರು ಆಪಾಳನ್ನು ನಿಲ್ಲಿಸಿದರು. ಮೂರನೆಯವಳು ಯಾರೂ ನಿಲ್ಲಲಿಲ್ಲ. ಯಾರಾದರೂ ನಿಂತಿದ್ದರೆ ನಾನು ಕಣ್ಣು ಮುಚ್ಚಿ ಅವಳಿಗೆ ಹಾಕಿ ಪಾರಾಗುತ್ತಿದ್ದೆ.

ನಮ್ಮ ಕಡೆ ಒಂದು ರೂಢಿ ಇದೆ. ಹೊಸ್ತಿಲಿಗೆ ಬಂದು ವೋಟು ಕೇಳಿದವರಿಗೆ ಇಲ್ಲ ಎನ್ನಬಾರದು. ಕೊಡುವುದು ಬಿಡುವುದು ಆಮೇಲಿನ ಮಾತು, ಬಾಯಿಂದ ಮಾತ್ರ "ಆತ್ರಿ, ನಿಮ್ಮನ್ನ ಬಿಟ್ಟು ಇನ್ಯಾರಿಗಿ" ಎನ್ನಲೇಬೇಕು. ನಿಂತವರಿಗೂ ಇದು ಗೊತ್ತು, ಕೇಳಿಸಿಕೊಂಡು ನಗುತ್ತಾ ಹೋಗುತ್ತಾರೆ. ನೆಗೆಣ್ಣಿ ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಇಡೀ ಓಣಿ ತಿರುಗಿ, ಕೊನೆಗೆ ಅಡುಗೆಮನೆಯಲ್ಲಿದ್ದ ನನ್ನ ಹಣೆಗೂ ಹಚ್ಚಿದಳು. "ಅಕ್ಕಾ, ನಿನ್ನ ವೋಟು ನನಗಽ ಅಲ್ಲೇನು?" ಎಂದಳು. ನಾನು "ನಿನ್ನ ಬಿಟ್ಟು ಇನ್ಯಾರಿಗವ್ವಾ" ಎಂದೆ. ಸಂಜೆ ಕಿಂಡಿಯಲ್ಲಿ ಆಪಾ ಮುಖ ಕಾಣಿಸಿತು. "ತಂಗಿ, ನಿನ್ನ ಕೇಳಬೇಕೇನು ನಾನು?" ಎಂದಳು. "ಕೇಳೋದೇ ಬ್ಯಾಡ ಆಪಾ" ಎಂದೆ. ಎರಡೂ ಮಾತು ಆಡುವಾಗ ನನ್ನ ನಾಲಿಗೆ ತಡವರಿಸಲಿಲ್ಲ, ಯಾಕೆಂದರೆ ಇಬ್ಬರ ಮೇಲಿನ ಪ್ರೀತಿಯೂ ನಿಜವಾಗಿತ್ತು. ತೊಂದರೆ ಆದದ್ದು ಇಲ್ಲೇ: ಬೇರೆಯವರು ಅಂದಾಗ ರೂಢಿಯ ಮಾತು ಎಂದುಕೊಂಡವರು, ನಾನು ಅಂದಾಗ ಇಬ್ಬರೂ ನಂಬಿಬಿಟ್ಟರು.

ನನಗೆ ಮತಗಟ್ಟೆಯ ಕೆಲಸ ಬಿದ್ದದ್ದು ಸುರಪುರ ತಾಲ್ಲೂಕಿನ ಒಂದು ಹಳ್ಳಿಗೆ. ಹಾಗೆ ಕೆಲಸ ಬಿದ್ದವರಿಗೆ ತಮ್ಮ ಊರಿಗೆ ಬಂದು ವೋಟು ಹಾಕಲು ಆಗುವುದಿಲ್ಲವಲ್ಲ, ಹಾಗಾಗಿ ಅಂಚೆಯಲ್ಲಿ ಮತಪತ್ರ ಕೊಡುತ್ತಾರೆ. ಗುರುತು ಹಾಕಿ, ಸಣ್ಣ ಲಕೋಟೆಯಲ್ಲಿ ಮುಚ್ಚಿ, ಅದನ್ನು ದೊಡ್ಡ ಲಕೋಟೆಯಲ್ಲಿ ಇಟ್ಟು, ಎಣಿಕೆ ಶುರುವಾಗುವ ಮುಂಚೆ ಶಹಾಪುರದ ಚುನಾವಣಾಧಿಕಾರಿಯ ಕೈ ಸೇರುವಂತೆ ಕಳಿಸಬೇಕು. ಅಷ್ಟೇ ನಿಯಮ. ನಾನು ಮುಖ್ಯ ಗುರುಗಳ ಸಹಿ ಹಾಕಿಸಿಕೊಂಡು ಬಂದು, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಹಿತ್ತಲಿನಲ್ಲಿ ನೆಗೆಣ್ಣಿ ನನ್ನ ಮಗಳ ತಲೆ ಬಾಚುತ್ತಿದ್ದಳು. ಗೋಡೆಯ ಆಚೆ ಆಪಾಳ ಹೊಲಿಗೆ ಯಂತ್ರ ಕಟಕಟ ಅನ್ನುತ್ತಿತ್ತು. ಕೊನೆಗೆ ಒಂದು ಗುರುತು ಹಾಕಿದೆ. ಹಾಕಿ, ಅಂಟಿಸಿ, ಹೊರಗೆ ಬಂದೆ.

ಮರುದಿನ ಬೆಳಿಗ್ಗೆ ಸುರಪುರಕ್ಕೆ ಹೊರಡಬೇಕು. ಅವತ್ತು ಭಾನುವಾರವಾದರೂ ಸಂಜೆಯೇ ಲಕೋಟೆಯನ್ನು ಊರಿನ ಅಂಚೆಯವರ ಮನೆಗೆ ಕೊಟ್ಟು ಬರೋಣವೆಂದು ಚಪ್ಪಲಿ ಮೆಟ್ಟಿದೆ. ಅತ್ತೆ ಬಾಗಿಲಲ್ಲಿ ಅಡ್ಡ ನಿಂತರು.

"ಇವತ್ತು ಅಮಾಸಿ ಅದ. ಅಮಾಸಿ ದಿನ ಹಿಂತಾದ್ದು ಮನಿ ಬಿಟ್ಟು ಹೋಗಬಾರದು. ಇಲ್ಲಿ ತಾ."

"ಅತ್ತೀ, ಇದು ಸರಕಾರಿ ಕಾಗದ ಅದ."

"ಸರಕಾರಕ್ಕ ಅಮಾಸಿ ಇರಲ್ಲೇನು?"

ಹೇಳಿದ್ದೇ ಲಕೋಟೆ ತಗೊಂಡು, ಮದುವೆಯ ಕರೆಯೋಲೆಗೆ ಹಚ್ಚುವ ಹಾಗೆ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ, ದೇವರ ಜಗಲಿಯ ಮೇಲೆ ಇಟ್ಟರು. "ನೀ ನಿಶ್ಚಿಂತಿ ಹೋಗು. ನಾ ಕಳಸ್ತೀನಿ" ಎಂದರು. ನನಗೆ ಸಿಟ್ಟು ಬಂತು. ಆದರೆ ಅತ್ತೆ ಒಂದು ಸಲ ಜಗಲಿಯ ಮೇಲೆ ಇಟ್ಟದ್ದನ್ನು ತೆಗೆಯುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ಮಾವನವರಿಗೂ ಇರಲಿಲ್ಲವಂತೆ. ಬ್ಯಾಗು ಹೆಗಲಿಗೆ ಹಾಕಿಕೊಂಡು ಮರುದಿನ ಸುರಪುರದ ಬಸ್ಸು ಹತ್ತಿದೆ.

ಮತದಾನ ಮುಗಿಸಿ, ಪೆಟ್ಟಿಗೆ ಒಪ್ಪಿಸಿ, ಮೈಯೆಲ್ಲ ಧೂಳಾಗಿ ಮರಳಿ ಬಂದ ಬೆಳಿಗ್ಗೆ ಜಗಲಿ ನೋಡಿದೆ. ಲಕೋಟೆ ಇರಲಿಲ್ಲ. "ಹೋತೇನು?" ಎಂದೆ. "ಹೋತು" ಎಂದರು ಅತ್ತೆ. ಯಾವಾಗ ಹೋಯಿತು ಎಂದು ನಾನು ಕೇಳಲಿಲ್ಲ. ನೀರು ಕಾಯಿಸಿ ಮಿಂದು ಮಲಗಿಬಿಟ್ಟೆ.

ಎಣಿಕೆ ಶಹಾಪುರದ ಒಂದು ಶಾಲೆಯಲ್ಲಿ. ನಮ್ಮ ವಾರ್ಡಿನ ಎಣಿಕೆ ಮುಗಿದಾಗ ಇಬ್ಬರಿಗೂ ಸಮ ಸಮ ವೋಟು. ಮತ್ತೆ ಎಣಿಸಿದರು, ಮತ್ತೆ ಸಮ. ಅಂಥ ಹೊತ್ತಿನಲ್ಲಿ ಚೀಟಿ ಎತ್ತುವುದು ಕಾನೂನು. ಅಧಿಕಾರಿ ಎಲ್ಲರೆದುರು ಎರಡು ಚೀಟಿ ಮಡಚಿ ಡಬ್ಬಿಯಲ್ಲಿ ಹಾಕಿ ಒಂದನ್ನು ಎತ್ತಿದರು. ಆಪಾ ಗೆದ್ದಳು. ಗುಲಾಲು ಹಾರಿತು. ನೆಗೆಣ್ಣಿ ಅಳದೆ, ತುಟಿ ಕಚ್ಚಿಕೊಂಡು, ಆಪಾಳ ಕೈ ಹಿಡಿದು ಕುಲುಕಿ ಬಂದಳು. ಅಲ್ಲಿಗೇ ಮುಗಿದಿದ್ದರೆ ಚಲೋ ಇತ್ತು.

ಹೊರಗೆ ಬರುವಾಗ ಸಂಘದ ಹೆಂಗಸೊಬ್ಬಳು ಸುದ್ದಿ ತಂದಳು. ನಮ್ಮ ವಾರ್ಡಿನ ಒಂದು ಅಂಚೆ ಲಕೋಟೆ ಎಣಿಕೆ ಶುರುವಾದ ಮೇಲೆ ಟಪಾಲಿನಲ್ಲಿ ಬಂದಿದೆಯಂತೆ. ಅಧಿಕಾರಿ ಅದರ ಮೇಲೆ ತಡವಾಗಿ ಬಂದದ್ದು ಎಂದು ಬರೆದು, ಒಡೆಯದೆ ಬೇರೆ ಇಟ್ಟಿದ್ದಾರಂತೆ. ನಮ್ಮ ವಾರ್ಡಿನಿಂದ ಚುನಾವಣೆ ಕೆಲಸಕ್ಕೆ ಹೋದವಳು ನಾನೊಬ್ಬಳೇ. ನೆಗೆಣ್ಣಿ ಅಲ್ಲೇ ಗೇಟಿನ ಹತ್ತಿರ ನಿಂತು ಎದೆ ಬಡಿದುಕೊಂಡಳು. "ಅದು ನಮ್ಮಕ್ಕನ ವೋಟು! ನಂದೇ ವೋಟು! ನಾ ಗೆದ್ದೀನಿ!"

ವಾರ ಕಳೆಯುವುದರೊಳಗೆ ವಕೀಲರು ಸಿಕ್ಕರು, ಕೇಸು ಬಿತ್ತು. ಅವತ್ತೇ ನೆಗೆಣ್ಣಿ ಒಂದು ಇಟ್ಟಂಗಿ ತಂದು ಹಿತ್ತಲ ಕಿಂಡಿಗೆ ತುರುಕಿದಳು. ಗೋಡೆ ಕಟ್ಟಲು ಎಷ್ಟೋ ವರ್ಷ ಆಗದ ಕೆಲಸ ಒಂದು ಗಳಿಗೆಯಲ್ಲಿ ಆಗಿಹೋಯಿತು.

ಆಮೇಲೆ ನನ್ನ ಪಜೀತಿ ಶುರುವಾಯಿತು. ನೆಗೆಣ್ಣಿ ಲಕೋಟೆ ಒಡೆಯಲಿ ಎನ್ನುತ್ತಿದ್ದಳು, ಅದು ಸಹಜ. ಆದರೆ ಆಪಾಳೂ ಒಡೆಯಲಿ ಎನ್ನುತ್ತಿದ್ದಳು. ಅವಳ ವಕೀಲರು ತಡವಾಗಿ ಬಂದದ್ದನ್ನು ಒಡೆಯಕೂಡದು ಎಂದು ತಕರಾರು ಹಾಕಿದ್ದಕ್ಕೆ ಅವರ ಮೇಲೆಯೇ ಸಿಟ್ಟಾಗಿದ್ದಳು. ದಾರಿಯಲ್ಲಿ ಸಿಕ್ಕಾಗ ನನ್ನ ಕೈ ಹಿಡಿದು ಹೇಳಿದಳು: "ಅರೇ ತಂಗಿ, ಆ ವಕೀಲಗ ಅಕಲ್ ಇಲ್ಲ. ಖುಲ್ಲಾ ಆಗ್ಲಿ ಬಿಡು. ಚೀಟಿ ಎತ್ತಿ ಗೆದ್ದಾಳ ಅಂತ ಮಂದಿ ನಗ್ತಾರ. ನಿನ್ನ ವೋಟು ತಗದ್ರ ನಾ ನಿಯತ್ತಿಲೆ ಗೆದ್ದಂಗ ಆಗ್ತದ."

ನಾನು ಹೂಂ ಎಂದೆ. ಆ ಲಕೋಟೆ ಒಡೆದ ಗಳಿಗೆಯೇ ಇಬ್ಬರಲ್ಲಿ ಒಬ್ಬಳಿಗೆ ಗೊತ್ತಾಗುತ್ತದೆ. ಸೀಟು ಹೋದರೆ ಐದು ವರ್ಷಕ್ಕೆ ಮತ್ತೆ ಬಂದೀತು, ನನ್ನ ಮೇಲಿನ ನಂಬಿಕೆ ಹೋದರೆ ಬರುವುದಿಲ್ಲ. ಒಬ್ಬಳು ನನ್ನ ಮಕ್ಕಳನ್ನು ಬೆಳೆಸಿದವಳು, ಒಬ್ಬಳು ನನ್ನ ತಲೆ ಸವರಿದವಳು. ಇಡೀ ಊರಿನಲ್ಲಿ ಆ ಲಕೋಟೆ ಮುಚ್ಚಿಯೇ ಇರಲಿ ಎಂದು ಹರಕೆ ಹೊತ್ತವಳು ಅದರೊಳಗೆ ವೋಟು ಹಾಕಿದ ನಾನೊಬ್ಬಳೇ.

ಕೋರ್ಟಿನ ತಾರೀಖಿಗೆ ಹೋಗುವ ದಾರಿ ಒಂದು ತಮಾಷೆ. ಆ ಹೊತ್ತಿಗೆ ನಮ್ಮ ಊರಿನಿಂದ ಶಹಾಪುರಕ್ಕೆ ಒಂದೇ ಟಂಟಂ ಆಟೋ. ಹಾಗಾಗಿ ಕೇಸು ಹಾಕಿದವಳು, ಹಾಕಿಸಿಕೊಂಡವಳು, ಸಾಕ್ಷಿ ನಾನು, ನೋಡಲು ಹೊರಟ ಅತ್ತೆ, ನಾಲ್ವರೂ ಅದರಲ್ಲೇ. ಎದುರು ಬದುರು ಸೀಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂರುತ್ತಿದ್ದರು. ಒಂದು ಸಲ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಅಡ್ಡ ಬಂದು ಟಂಟಂ ಗಕ್ಕನೆ ನಿಂತಾಗ ನೆಗೆಣ್ಣಿ ಹೋಗಿ ಆಪಾಳ ಮಡಿಲಲ್ಲಿ ಬಿದ್ದಳು. ಆಪಾ ಅವಳನ್ನು ಎತ್ತಿ ಕೂಡಿಸಿ, ಸೆರಗು ಸರಿಮಾಡಿ, ಆಮೇಲೆ ನೆನಪಾದವಳಂತೆ ಮುಖ ಆಚೆ ತಿರುಗಿಸಿದಳು. "ಅಕ್ಕಾ, ಆಪಾಗ ಹೇಳು, ನನ್ನ ಕುಪ್ಪಸದ ತೋಳು ಬಿಗಿ ಆಗ್ಯಾವ" ಎಂದಳು ನೆಗೆಣ್ಣಿ, ನನ್ನನ್ನು ನೋಡುತ್ತಾ. "ತಂಗಿ, ಅಕಿಗಿ ಹೇಳು, ಕೇಸ್ ಮುಗಿದ ಮ್ಯಾಲ ಬಿಚ್ಚಿ ಹೊಲೀತೀನಿ" ಎಂದಳು ಆಪಾ. ನಡುವೆ ಕೂತ ನಾನು ಟಪಾಲಿನ ಡಬ್ಬಿಯಾಗಿದ್ದೆ.

ಕೋರ್ಟಿನಲ್ಲಿ ಇಬ್ಬರೂ ವಕೀಲರ ಮಾತು ಕೇಳಿದರೆ ಇಬ್ಬರದೂ ಸರಿ ಎನಿಸುತ್ತಿತ್ತು. ನೆಗೆಣ್ಣಿಯ ವಕೀಲರು ಹೇಳಿದರು: ಮತದಾರಳು ಸರಕಾರದ ಕೆಲಸಕ್ಕೇ ಬೇರೆ ತಾಲ್ಲೂಕಿಗೆ ಹೋಗಿದ್ದಳು, ಎಣಿಕೆಯ ಎಷ್ಟೋ ಮುಂಚೆಯೇ ಗುರುತು ಹಾಕಿ ಮುಚ್ಚಿದ್ದಳು, ದಾರಿಯಲ್ಲಿ ಆದ ತಡಕ್ಕೆ ಅವಳ ವೋಟು ಯಾಕೆ ಸಾಯಬೇಕು? ಆಪಾಳ ವಕೀಲರು ಎದ್ದರು: ಗಡುವು ಎಂದರೆ ಗಡುವು, ಇವತ್ತು ಸ್ವಲ್ಪ ಹೊತ್ತು ಬಿಟ್ಟರೆ ನಾಳೆ ವಾರ ಬಿಡಬೇಕಾಗುತ್ತದೆ, ಸೋತವರು ಎಣಿಕೆ ನೋಡಿಕೊಂಡು ಆಮೇಲೆ ಲಕೋಟೆ ಹುಡುಕುತ್ತಾರೆ. ನಾನು ದಿನಾ ಶಾಲೆಯ ಬಾಗಿಲಲ್ಲಿ ನಿಲ್ಲುವವಳು. ಗಂಟೆ ಹೊಡೆದ ಮೇಲೆ ಓಡುತ್ತಾ ಬಂದ ಮಗುವನ್ನು ಒಳಗೆ ಬಿಟ್ಟರೆ ಮರುದಿನ ಅರ್ಧ ಶಾಲೆ ತಡ, ಬಿಡದಿದ್ದರೆ ಆ ಮಗುವಿನ ಮುಖ ನೋಡಲಾಗುವುದಿಲ್ಲ. ಜಡ್ಜ್ ಸಾಹೇಬರ ಕಷ್ಟ ನನಗೆ ಅರ್ಥವಾಯಿತು.

ನನ್ನನ್ನು ಸಾಕ್ಷಿ ಕಟ್ಟೆಗೆ ಕರೆದರು. ಲಕೋಟೆಯನ್ನು ತಂದು ಮೇಜಿನ ಮೇಲೆ ಇಟ್ಟಿದ್ದರು. ನೆಗೆಣ್ಣಿಯ ವಕೀಲರು ಮೊದಲನೆಯ ಪ್ರಶ್ನೆಯನ್ನೇ ಎಸೆದರು: "ಮೇಡಂ, ನೀವು ಇದರಲ್ಲಿ ನಿಮ್ಮ ನೆಗೆಣ್ಣಿಗೇ ಮತ ಹಾಕಿದ್ದೀರಿ, ಅಲ್ಲವೇ?"

ಬಲಗಡೆ ಬೆಂಚಿನಲ್ಲಿ ನೆಗೆಣ್ಣಿ ತಲೆ ಆಡಿಸುತ್ತಿದ್ದಳು. ಎಡಗಡೆ ಆಪಾ ತಲೆ ಆಡಿಸುತ್ತಿದ್ದಳು. ಅಷ್ಟರಲ್ಲಿ ಜಡ್ಜ್ ಸಾಹೇಬರು ಕೈ ಎತ್ತಿದರು. ಮೈಸೂರು ಸೀಮೆಯವರು, ಮಾತು ಮೆತ್ತಗೆ. "ವಕೀಲರೇ, ಯಾರಿಗೆ ಮತ ಹಾಕಿದಿರಿ ಅಂತ ಯಾವ ಸಾಕ್ಷಿಯನ್ನೂ ಕೇಳೋ ಹಾಗಿಲ್ಲ. ಅದು ಕಾನೂನು. ಈ ಪ್ರಶ್ನೆ ಬಿಡಿ." ನಾನು ಕಟ್ಟೆಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆ ಗಳಿಗೆಯಲ್ಲಿ ನನಗೆ ಕಾನೂನಿನ ಮೇಲೆ ಹುಟ್ಟಿದ ಪ್ರೀತಿ ಪಠ್ಯಪುಸ್ತಕ ಓದಿ ಯಾವತ್ತೂ ಹುಟ್ಟಿರಲಿಲ್ಲ.

ಜಡ್ಜ್ ಸಾಹೇಬರು ಲಕೋಟೆ ಎತ್ತಿ ಅಂಚೆಯ ಮುದ್ರೆ ನೋಡಿದರು, ಹಿಂದೆ ಮುಂದೆ ತಿರುಗಿಸಿದರು. "ಇದೇನಿದು, ನಾಲ್ಕೂ ಮೂಲೆಗೆ ಹಳದಿ? ಯಾರು ಹಚ್ಚಿದ್ದು ಇದನ್ನ?"

ನಾನು ಬಾಯಿ ತೆರೆಯುವುದರೊಳಗೆ ಹಿಂದಿನ ಬೆಂಚಿನಿಂದ ಅತ್ತೆ ಎದ್ದರು. "ಅರಿಷಿಣ ನಾನ ಹಚ್ಚೀನ್ರಿ ಸಾಹೇಬ್ರ. ಅಕಿನ್ನ ಯಾಕ ಕೇಳ್ತೀರಿ? ನನ್ನ ಕೇಳ್ರಿ!"

"ಅಜ್ಜಿ, ಹೀಗೆ ಕೂಗಬಾರದು. ಯಾಕೆ ಜಗಳ ಆಡ್ತೀರಿ?"

"ಜಗಳ ಎಲ್ಲಿ ಆಡೀನ್ರಿ? ನೀವು ಕೇಳಿದ್ರಿ, ನಾ ಹೇಳಲಾಕತ್ತೀನಿ."

ಕೋರ್ಟು ನಕ್ಕಿತು. ನಮ್ಮ ಕಡೆಯ ಮಾತು ಆ ಕಡೆಯವರಿಗೆ ಬೈಗುಳದಂತೆ ಕೇಳಿಸುತ್ತದೆ ಎಂದು ಅತ್ತೆಗೆ ಗೊತ್ತಿಲ್ಲ. ಇಷ್ಟು ಮೆತ್ತಗೆ ಮಾತಾಡುವ ಮನುಷ್ಯನಿಗೆ ಊಟ ಸರಿಯಾಗಿ ಸಿಗುತ್ತಿಲ್ಲ ಎಂದೇ ಅವರು ತಿಳಿದಿದ್ದರು. ವಕೀಲರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು, ಅತ್ತೆಯನ್ನು ಕಟ್ಟೆಗೆ ಹತ್ತಿಸಿ ಪ್ರಮಾಣ ಮಾಡಿಸಿದರು. ಆಪಾಳ ವಕೀಲರ ಮುಖದಲ್ಲಿ ಖುಷಿ ಕಾಣುತ್ತಿತ್ತು.

"ಲಕೋಟೆ ಕೊಟ್ಟ ದಿನವೇ ಅಂಚೆಗೆ ಯಾಕೆ ಹಾಕಲಿಲ್ಲ?"

"ಅವತ್ತು ಅಮಾಸಿ ಇತ್ರಿ."

"ಮಾರನೇ ದಿನ?"

"ಪಾಡ್ಯೇ ಇತ್ರಿ. ಪಾಡ್ಯೇದ ದಿನ ಹೋದದ್ದು ಹೊಳ್ಳಿ ಬರ್ತದಂತಾರ."

"ಅದರ ಮಾರನೇ ದಿನ?"

"ಮಂಗಳವಾರ್ರಿ. ಮಂಗಳವಾರ ಮನಿ ಲಕ್ಷ್ಮಿನ ಯಾರರೆ ಹೊರಗ ಕಳಸ್ತಾರೇನ್ರಿ? ನಿಮ್ಮ ಮನ್ಯಾಗ ಕಳಸ್ತಾರೇನು?"

"ಆ ಮಂಗಳವಾರವೇ ಮತದಾನ. ನೀವು ಹೋಗಿ ವೋಟು ಹಾಕಿ ಬಂದಿರಲ್ಲ?"

"ಅದು ನಾ ಹೋಗೀನ್ರಿ. ನಾ ಹೋದ್ರ ಹೊಳ್ಳಿ ಬರ್ತೀನಿ. ಲಕೋಟಿ ಹೊಳ್ಳಿ ಬರ್ತದೇನು?"

ಜಡ್ಜ್ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ನೆಗೆಣ್ಣಿಯ ವಕೀಲರು ತಲೆ ಮೇಲೆ ಕೈ ಹೊತ್ತು ಕೂತರು. ದಾರಿಯಲ್ಲಿ ತಡವಾಯಿತು ಎಂಬ ಅವರ ವಾದವನ್ನು ಕಕ್ಷಿದಾರಳ ಅತ್ತೆಯೇ ನಮ್ಮ ಮನೆಯ ಜಗಲಿಗೆ ತಂದು ಕೂಡಿಸಿದ್ದರು. ಮರಳುವಾಗ ಟಂಟಂನಲ್ಲಿ ನೆಗೆಣ್ಣಿ ಮೊದಲ ಸಲ ನನ್ನನ್ನು ಬಿಟ್ಟು ಆಪಾಳಿಗೇ ನೇರ ಹೇಳಿದಳು: "ನೋಡಿದ್ಯೇನು ಆಪಾ? ಮುದುಕಿ ನನ್ನ ಕೇಸ್ ತಿಂದು ನೀರು ಕುಡದ್ಲು." ಆಪಾ ನಗು ತಡೆಯಲಾರದೆ ಬುರ್ಖಾದ ಅಂಚನ್ನು ಬಾಯಿಗೆ ಇಟ್ಟುಕೊಂಡಳು. ಅತ್ತೆ ಮಾತ್ರ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿಸಿಕೊಂಡ ಮಿರ್ಚಿ ಭಜಿ ಬಿಚ್ಚಿ, ಬಿಸಿ ಇರುವಾಗಲೇ ತಿನ್ನಿರಿ ಎಂದು ಎಲ್ಲರ ಕೈಗೂ ಕೊಟ್ಟರು.

ತೀರ್ಪು ಬಂತು. ಎಣಿಕೆ ಶುರುವಾದ ಮೇಲೆ ಬಂದ ಲಕೋಟೆಯನ್ನು ಒಡೆಯಲು ಬರುವುದಿಲ್ಲ, ತಡಕ್ಕೆ ಕಾರಣ ಏನೇ ಇರಲಿ. ಇನ್ನೊಂದು ಮಾತನ್ನೂ ಅದರಲ್ಲಿ ಸೇರಿಸಿದ್ದರು: ವಾರ್ಡಿನ ಒಂದೇ ಒಂದು ಅಂಚೆ ಮತವನ್ನು ಒಡೆದರೆ ಅದನ್ನು ಹಾಕಿದವರ ಗುಟ್ಟು ಉಳಿಯುವುದಿಲ್ಲ. ಕೇಸು ವಜಾ. ನಾನು ಕೋರ್ಟಿನ ಬೇವಿನ ಗಿಡದ ಕೆಳಗೆ ನಿಂತು ಅತ್ತುಬಿಟ್ಟೆ. ಸೋತ ನೆಗೆಣ್ಣಿಗಾಗಿ ಅಳುತ್ತಿದ್ದೇನೆ ಎಂದು ಸಂಘದವರು ಸಮಾಧಾನ ಮಾಡಿದರು. ನಾನು ಅಳುತ್ತಿದ್ದದ್ದು ನೆಮ್ಮದಿಗೆ.

ಆಶ್ಚರ್ಯವೆಂದರೆ ಇಬ್ಬರೂ ಗೆದ್ದವರ ಹಾಗೆಯೇ ಊರಿಗೆ ಬಂದರು. ಆಪಾ ಸದಸ್ಯೆಯಾದಳು. ನೆಗೆಣ್ಣಿ, "ಖರೇ ಗೆದ್ದಾಕಿ ನಾನ, ನನ್ನ ವೋಟು ಅಮಾಸಿ ನುಂಗ್ತು" ಎಂದು ಸಂಘದ ಪ್ರತಿ ಸಭೆಯಲ್ಲೂ ಹೇಳುತ್ತಾ ಎದೆ ಸೆಟೆಸಿ ಓಡಾಡಿದಳು. ಆಪಾ ಸದಸ್ಯೆಯಾಗಿ ಮಾಡಿಸಿದ ಮೊದಲ ಕೆಲಸ ನಮ್ಮ ಮನೆಯ ಮುಂದಿನ ಚರಂಡಿಗೆ ಫರಸಿ ಕಲ್ಲು ಹಾಸಿಸಿದ್ದು. ಯಾಕೆ ಎಂದು ಕೇಳಿದ್ದಕ್ಕೆ, "ಇಲ್ಲಂದ್ರ ನಿನ್ನ ನೆಗೆಣ್ಣಿ ಚರಂಡಿ ಮ್ಯಾಲೂ ಕೇಸ್ ಹಾಕ್ತಾಳ" ಎಂದಳು. ಮಾತು ಶುರುವಾಗಿತ್ತು, ಕುಪ್ಪಸದ ತೋಳೂ ಸಡಿಲವಾಗಿತ್ತು. ಆದರೆ ಕಿಂಡಿಯ ಇಟ್ಟಂಗಿ ಮಾತ್ರ ಅಲ್ಲೇ ಇತ್ತು. ಹಾಕಿದವಳು ತೆಗೆಯಲಿ ಎಂದು ಆಪಾ, ಆಕೆಯೇ ಮೊದಲು ಕರೆಯಲಿ ಎಂದು ನೆಗೆಣ್ಣಿ.

ಒಂದು ಸಂಜೆ ಬೆಕ್ಕು ನಮ್ಮ ಮೊಸರಿನ ಗಡಿಗೆ ಉರುಳಿಸಿತು. ಹಾಲು ಕಾಸಿ ಇಟ್ಟಿದ್ದೆ, ಹೆಪ್ಪಿಗೆ ಒಂದು ಚಮಚೆ ಮೊಸರಿರಲಿಲ್ಲ. ಅತ್ತೆ ದೇವರ ದೀಪ ಹಚ್ಚಿ ಬಂದವರು ನೆಗೆಣ್ಣಿಗೆ ಹೇಳಿದರು: "ಆ ಇಟ್ಟಂಗಿ ತಗದು ಆಪಾನ ಕಡಿ ಹೆಪ್ಪು ಕೇಳು."

"ನಾ ಕೇಳಲ್ಲ."

"ಬ್ಯಾಡ ಬಿಡು. ನಾಳಿ ನಿನ್ನ ಗಂಡ ಮೊಸರಿಲ್ಲದ ರೊಟ್ಟಿ ತಿಂತಾನ. ಆಮ್ಯಾಲ ದಿನಾ ಪೂರ್ತಿ ಅವನ ಮಾರಿ ನೀನ ನೋಡು."

ನೆಗೆಣ್ಣಿ ಹಿತ್ತಲಿಗೆ ಹೋದಳು. ಇಟ್ಟಂಗಿ ಕೀಳುವ ಸದ್ದು, ಆಮೇಲೆ "ಆಪಾ" ಎಂಬ ಸಣ್ಣ ದನಿ, ಆಮೇಲೆ ಇಬ್ಬರ ಮಾತು, ಆಮೇಲೆ ನಗು. ಬಟ್ಟಲು ತಂದು ಕೊಟ್ಟಳು. ಅತ್ತೆ ಹೆಪ್ಪು ಹಾಕಿ, ಬಟ್ಟಲು ತೊಳೆದು, ಖಾಲಿ ಕೊಡಬಾರದು ಎಂದು ಅದರ ತುಂಬ ಹಾಲು ಹಾಕಿ ನೆಗೆಣ್ಣಿಯ ಕೈಯಲ್ಲಿ ಮತ್ತೆ ಕಿಂಡಿಗೆ ಕಳಿಸಿದರು. ಆಗ ನನಗೆ ತಟ್ಟನೆ ಹೊಳೆಯಿತು.

"ಅತ್ತೀ, ಇವತ್ತು ಮಂಗಳವಾರ."

"ಹೌದು."

"ದೀಪಾನೂ ಹಚ್ಚೀರಿ."

"ಹೌದು."

"ಮತ್ತ ಮನಿ ಲಕ್ಷ್ಮಿ ಬಟ್ಟಲದಾಗ ಕುಂತು ಹೊಂಟಾಳಲ್ಲ?"

ಅತ್ತೆ ನನ್ನನ್ನು ನೋಡಿದರು, ತಡವಾಗಿ ಲೆಕ್ಕ ಬಿಡಿಸಿದ ಹುಡುಗಿಯನ್ನು ನಾನು ನೋಡುವ ಹಾಗೆ. "ಇಷ್ಟು ದಿನಾ ಬೇಕಾತೇನು ನಿನಗ? ಹೆಸರಿಗಿ ಟೀಚರ್."

ಒಲೆಯ ಮುಂದೆ ಕೂತು ದನಿ ತಗ್ಗಿಸಿ ಹೇಳಿದರು. ಅವರ ತವರು ಸುರಪುರದ ಕಡೆ. ಅಲ್ಲಿ ಹಿಂದೊಮ್ಮೆ ಒಬ್ಬ ಮಾಸ್ತರರ ಅಂಚೆ ವೋಟನ್ನು ಎಲ್ಲಕ್ಕಿಂತ ಮೊದಲು ಎಣಿಸಿದರಂತೆ. ಊರಿಗೆಲ್ಲ ಅದು ಒಂದೇ ಒಂದು. ಎದುರು ಕೂತವರೆಲ್ಲ ಅದು ಯಾರದು, ಯಾರಿಗೆ ಬಿತ್ತು ಎಂದು ನೋಡಿದರು. ಮಧ್ಯಾಹ್ನದೊಳಗೆ ಒಂದೇ ಮನೆಯ ಒಲೆ ಎರಡಾಯಿತು, ಅಣ್ಣ ತಮ್ಮಂದಿರು ಸಾಯುವ ತನಕ ಮಾತಾಡಲಿಲ್ಲ. "ಪೆಟಗಿಗಿ ಬಿದ್ದ ವೋಟು ಹತ್ತರಾಗ ಹನ್ನೊಂದು. ನಿಂದು ಹಂಗಲ್ಲವ್ವಾ, ಬಯಲಾಗಿನ ವೋಟು. ಇಬ್ರೂ ನನ್ನ ಮಕ್ಕಳಿದ್ದಂಗ, ನೀ ಯಾರಿಗಿ ಹಾಕಿದ್ರೂ ಒಬ್ಬಾಕಿ ಸೋಲ್ತಿದ್ಲು. ಅದಕ್ಕ ಅಮಾಸಿ ಹಿಡದೆ. ಅಮಾಸಿ ಒಂದಕ್ಕ ಸಾಲಲಿಲ್ಲ, ಪಾಡ್ಯೇ ಹಿಡದೆ."

"ಕೋರ್ಟಿನ್ಯಾಗ ಪ್ರಮಾಣ ಮಾಡಿದ್ರಲ್ಲ ಅತ್ತೀ!"

"ಸುಳ್ಳೆಲ್ಲಿ ಹೇಳೀನಿ? ಅಮಾಸಿ ಖರೇ, ಪಾಡ್ಯೇ ಖರೇ, ಮಂಗಳವಾರ ಖರೇ. ಬ್ಯಾರೆ ಕಾರಣ ಅದ ಏನಂತ ಆ ಮೆತ್ತನ್ನ ಸಾಹೇಬ ಕೇಳಲಿಲ್ಲ."

ನಾನು ಆ ಒಲೆಯ ಮುಂದೆಯೇ ಅವರ ಕಾಲು ಮುಟ್ಟಿದೆ. ಸಿಟ್ಟು ಮಾಡಿಕೊಂಡಿದ್ದಕ್ಕೆಲ್ಲ ಸೇರಿಸಿ ಮುಟ್ಟಿದೆ. ಆಮೇಲೆ, ಇಷ್ಟು ಮಾಡಿದವರಿಗೆ ಹೇಳದಿದ್ದರೆ ಹೇಗೆ ಎನಿಸಿ, ಅವರ ಕಿವಿಗೆ ಬಾಯಿ ಹಚ್ಚಿ ಆ ಹೆಸರು ಹೇಳಿದೆ. ಕಾನೂನೇ ಕೇಳಬಾರದು ಎಂದಿರುವಾಗ ನೀವು ಕೇಳುವುದು ಸರಿಯಲ್ಲ, ಇಲ್ಲಿ ಬರೆಯುವುದಿಲ್ಲ.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರ ಭುಜ ಅಲುಗಲು ಶುರುವಾಯಿತು.

"ನಂದೂ ಅಕಿಗೇ ಬಿದ್ದದ" ಎಂದರು.

ಅವರ ಆ ಒಂದು ವೋಟು ಇನ್ನೊಬ್ಬಳಿಗೆ ಬಿದ್ದಿದ್ದರೆ ಚೀಟಿಯೂ ಬೇಕಿರಲಿಲ್ಲ, ಕೋರ್ಟೂ ಬೇಕಿರಲಿಲ್ಲ. ಅದು ಇಬ್ಬರಿಗೂ ಒಟ್ಟಿಗೇ ಹೊಳೆದು, ನಾವು ಅತ್ತೆ ಸೊಸೆ ಒಬ್ಬರ ಮೇಲೆ ಒಬ್ಬರು ಬಿದ್ದು ನಕ್ಕೆವು. ಹಿತ್ತಲಿನಿಂದ ನೆಗೆಣ್ಣಿ, ಕಿಂಡಿಯ ಆಚೆಯಿಂದ ಆಪಾ, ಇಬ್ಬರೂ ಒಂದೇ ದನಿಯಲ್ಲಿ ಕೂಗಿದರು: "ಏನಾತು? ಯಾಕ ನಗಲಾಕತ್ತೀರಿ?"

ಅತ್ತೆ ಕಣ್ಣು ಒರೆಸಿಕೊಂಡು ಕೂಗಿ ಹೇಳಿದರು: "ಏನಿಲ್ಲ, ಹಾಲು ಉಕ್ಕಿತು."